‘ನಿಮ್ಮಪ್ಪನಿಗೆ ಹೇಳ್ತೀನಿ’ ಎಂಬ ಬೆದರಿಕೆ
ಅಮೆರಿಕದ ಹೈಸ್ಕೂಲುಗಳಲ್ಲಿ ಫೆಬ್ರುವರಿ ‘ಡೇಟಿಂಗ್ ಹಿಂಸೆ’ ವಿರುದ್ಧ ಜಾಗೃತಿಯ ತಿಂಗಳು. ಕನ್ನಡದ ಮನೆಗಳಿಗೂ ಇದಕ್ಕೂ ಏನು ಸಂಬಂಧ?

ಫೆಬ್ರುವರಿಯಲ್ಲಿ ಒಂದು ರಾತ್ರಿ, ಹೈಸ್ಕೂಲಿನಲ್ಲಿ ಓದುವ ಮಗಳೋ ಮಗನೋ ‘ನಾಳೆಗೆ ಕಿತ್ತಳೆ ಬಣ್ಣದ ಟೀ ಶರ್ಟ್ ಬೇಕು’ ಎಂದು ಕೇಳಿದರೆ ಅಮೆರಿಕದಲ್ಲಿರುವ ನಮ್ಮ ಅಪ್ಪ ಅಮ್ಮಂದಿರು ಹೆಚ್ಚೇನೂ ವಿಚಾರಿಸುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಮ್ಯಾಚ್ ಇರಬೇಕು ಎಂದುಕೊಂಡು ಅಂಗಡಿ ಮುಚ್ಚುವುದರೊಳಗೆ ಓಡಿ ತರುತ್ತಾರೆ. ಆದರೆ ಆ ಬಣ್ಣಕ್ಕೆ ಬೇರೆಯೇ ಅರ್ಥವಿದೆ. ಹದಿಹರೆಯದವರ ಪ್ರೇಮ ಸಂಬಂಧಗಳಲ್ಲಿ ನಡೆಯುವ ಹೊಡೆತ, ಬೆದರಿಕೆ, ಬಲವಂತಗಳ ವಿರುದ್ಧ ಜಾಗೃತಿ ಮೂಡಿಸಲು ಅಲ್ಲಿನ ಶಾಲೆಗಳು ಆರಿಸಿಕೊಂಡ ಬಣ್ಣ ಅದು. ಮೊದಲು ಒಂದು ವಾರಕ್ಕೆ ಸೀಮಿತವಾಗಿದ್ದ ಈ ಕಾರ್ಯಕ್ರಮ 2010ರಿಂದ ಫೆಬ್ರುವರಿ ತಿಂಗಳು ಪೂರ್ತಿ ನಡೆಯುತ್ತಿದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಎರಡು ವರ್ಷಕ್ಕೊಮ್ಮೆ ಹೈಸ್ಕೂಲು ಮಕ್ಕಳ ಸಮೀಕ್ಷೆ ನಡೆಸುತ್ತದೆ. 2019ರ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಡೇಟಿಂಗ್ ಮಾಡಿದ್ದೆವು ಎಂದ ಮಕ್ಕಳ ಪೈಕಿ ಶೇ 8.2ರಷ್ಟು ಮಂದಿ ಜೊತೆಗಾರರಿಂದ ದೈಹಿಕ ಹಿಂಸೆ ಅನುಭವಿಸಿದ್ದೇವೆ ಎಂದಿದ್ದರು. ಲೈಂಗಿಕ ಹಿಂಸೆಗೆ ಒಳಗಾದವರ ಪ್ರಮಾಣವೂ ಅಷ್ಟೇ. ಅಂದರೆ ಹನ್ನೆರಡರಲ್ಲಿ ಒಬ್ಬರು. ಹುಡುಗಿಯರ ಪ್ರಮಾಣ ಹೆಚ್ಚು, ಹುಡುಗರೂ ಇದ್ದಾರೆ. ಇದು ಬಾಯಿಬಿಟ್ಟು ಹೇಳಿದವರ ಲೆಕ್ಕ.

‘ನಮ್ಮ ಮನೇಲಿ ಡೇಟಿಂಗ್ ಗೀಟಿಂಗ್ ಏನೂ ಇಲ್ಲಪ್ಪ. ಕಾಲೇಜು ಮುಗಿಯೋವರೆಗೂ ಅದರ ಮಾತೇ ಎತ್ತಬಾರದು ಅಂತ ಕಟ್ಟುನಿಟ್ಟಾಗಿ ಹೇಳಿದ್ದೀವಿ’ ಎಂಬುದು ಈ ವಿಷಯ ಬಂದಾಗ ನಮ್ಮವರಲ್ಲಿ ಕೇಳಿಬರುವ ಮೊದಲ ಮಾತು. ಹೇಳಿದ್ದೇನೋ ನಿಜ. ಆ ನಿಯಮ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ, ಅದು ಆಯಾ ಮನೆಗೆ ಬಿಟ್ಟದ್ದು. ಆದರೆ ಆ ನಿಯಮವನ್ನು ಮೀರಿದ ಮಗುವಿಗೆ ತೊಂದರೆ ಎದುರಾದ ದಿನ ಅದೇ ನಿಯಮ ಏನು ಮಾಡುತ್ತದೆ ಎಂಬುದನ್ನು ಮಾತ್ರ ಯೋಚಿಸಲೇಬೇಕು. ಹಿಂಸೆ ಕೊಡುವವನಿಗೆ ನಮ್ಮ ಮನೆಯ ಮಕ್ಕಳ ಮೇಲೆ ಇರುವಷ್ಟು ಹಿಡಿತ ಬೇರೆ ಮಕ್ಕಳ ಮೇಲೆ ಇರಲಾರದು. ಅವನು ಕೈ ಎತ್ತಬೇಕಿಲ್ಲ. ‘ನಿಮ್ಮಪ್ಪನಿಗೆ ಹೇಳ್ತೀನಿ’ ಎಂದರೆ ಸಾಕು.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹದಿನಾರರ ಹುಡುಗಿ. ಎಪಿ ಕ್ಲಾಸುಗಳು, ಶನಿವಾರ ಭರತನಾಟ್ಯ, ಭಾನುವಾರ ಕನ್ನಡ ಶಾಲೆಯಲ್ಲಿ ಚಿಕ್ಕವರಿಗೆ ಅಕ್ಷರ ಹೇಳಿಕೊಡುವ ಸ್ವಯಂಸೇವೆ. ಹುಡುಗ ಅವಳ ರೊಬೊಟಿಕ್ಸ್ ಕ್ಲಬ್ಬಿನವನು. ಬಿಳಿಯನೇ ಇರಬೇಕೆಂದಿಲ್ಲ, ದೇಸಿ ಹುಡುಗನೇ ಇರಬಹುದು, ಕನ್ನಡ ಕೂಟದ ಯುಗಾದಿ ಊಟದಲ್ಲಿ ನಮ್ಮ ಪಕ್ಕದ ಎಲೆಗೆ ಕೂತವರ ಮಗನೇ ಆಗಿರಬಹುದು. ಮೊದಲ ಒಂದೆರಡು ತಿಂಗಳು ಬರೀ ಚಂದ. ಬೆಳಗ್ಗೆ ಎದ್ದ ಕೂಡಲೇ ಮೆಸೇಜು, ಮಲಗುವಾಗ ಮೆಸೇಜು. ಆಮೇಲೆ ‘ಫೋನಿನಲ್ಲಿ ಲೊಕೇಶನ್ ಶೇರ್ ಮಾಡು, ನೀನು ಸೇಫಾಗಿದ್ದೀಯ ಅಂತ ಗೊತ್ತಾಗುತ್ತೆ’ ಎಂಬ ಕೋರಿಕೆ. ಪ್ರೀತಿ ಇದ್ದರೆ ಮುಚ್ಚುಮರೆ ಯಾಕೆ ಎಂದು ಪಾಸ್‌ವರ್ಡ್ ಕೇಳುವುದು. ಐದು ನಿಮಿಷ ಉತ್ತರ ತಡವಾದರೆ ಮೂವತ್ತು ಮೆಸೇಜು. ಆ ಗೆಳತಿ ಸರಿಯಿಲ್ಲ, ಈ ಹುಡುಗನ ಜೊತೆ ಪ್ರಾಜೆಕ್ಟ್ ಮಾಡಬೇಡ, ಆ ಡ್ರೆಸ್ ಬೇಡ. ಅವಳು ‘ಸಾಕು, ಬಿಟ್ಟುಬಿಡೋಣ’ ಎಂದ ದಿನ ‘ನೀನು ಬಿಟ್ಟರೆ ನಾನು ಸಾಯ್ತೀನಿ’ ಎಂಬ ಅಳು. ಅದೂ ನಡೆಯದಿದ್ದಾಗ, ಎಂದೋ ನಂಬಿಕೆಯಿಂದ ಕಳಿಸಿದ್ದ ಒಂದು ಫೋಟೊ ಹೊರಗೆ ಬರುತ್ತದೆ. ಇದನ್ನು ನಿಮ್ಮಪ್ಪನಿಗೆ ವಾಟ್ಸ್ಆ್ಯಪ್ ಮಾಡಲಾ, ಊರಲ್ಲಿರೋ ನಿಮ್ಮ ಅಜ್ಜಿ ತಾತನೂ ನೋಡಲಿ ಅಂತೀಯಾ?

ಈ ಹುಡುಗಿಗೆ ಪೆಟ್ಟು ಬಿದ್ದಿಲ್ಲ. ಮೈಮೇಲೆ ಗಾಯವಿಲ್ಲ. ಆದರೂ ಅವಳು ಕೈಕಾಲು ಕಟ್ಟಿದಂತೆ ಇದ್ದಾಳೆ.

ಮಿನೆಸೋಟಾ ರಾಜ್ಯದ ಡುಲುತ್ ಎಂಬ ಊರಿನಲ್ಲಿ 1980ರ ದಶಕದಲ್ಲಿ, ಗಂಡಂದಿರಿಂದ ಹಿಂಸೆ ಅನುಭವಿಸಿದ ಹೆಂಗಸರ ಮಾತುಗಳನ್ನು ಕೇಳಿ ಒಂದು ಚಕ್ರದ ಚಿತ್ರ ಬರೆದರು. ಹೊಡೆತ ಬಡಿತ ಆ ಚಕ್ರದ ಹೊರಗಿನ ಬಳೆ ಮಾತ್ರ. ಒಳಗೆ ಅದನ್ನು ಹಿಡಿದಿಟ್ಟ ಭಾಗಗಳೆಲ್ಲ ಬೇರೆ: ಹೆದರಿಸುವುದು, ಹೀಯಾಳಿಸುವುದು, ಗೆಳೆಯರಿಂದ ದೂರ ಮಾಡುವುದು, ತಪ್ಪೆಲ್ಲ ನಿನ್ನದೇ ಎನ್ನುವುದು. ಅದೇ ಚಕ್ರದ ಹದಿಹರೆಯದ ರೂಪವನ್ನು ಇಂದು ಅಮೆರಿಕದ ಶಾಲೆಗಳಲ್ಲಿ ತೋರಿಸುತ್ತಾರೆ. ಗಂಡ ಹೆಂಡತಿಯ ಜಾಗದಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದಾರೆ, ಕೈಯಲ್ಲಿ ಫೋನಿದೆ. ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಅದೇ.

ಲೊಕೇಶನ್ ವಿಚಾರದಲ್ಲಿ ನಮ್ಮನ್ನೇ ನಾವು ಒಮ್ಮೆ ಕೇಳಿಕೊಳ್ಳಬೇಕು. ಮಗಳು ಎಲ್ಲಿದ್ದಾಳೆ ಎಂದು ಲೈಫ್360ಯಲ್ಲಿ ದಿನಕ್ಕೆ ಹತ್ತು ಸಲ ನೋಡುವುದು ನಮ್ಮಲ್ಲಿ ಅನೇಕರ ಅಭ್ಯಾಸ. ಫೋನು ಕಿತ್ತುಕೊಂಡು ಮೆಸೇಜು ಓದುವುದು, ಗೆಳತಿಯರು ಯಾರಿರಬೇಕೆಂದು ನಾವೇ ತೀರ್ಮಾನಿಸುವುದು, ಕೇಳಿದರೆ ‘ಪ್ರೀತಿ ಇರೋದಕ್ಕೇ ಹೀಗೆ ಮಾಡೋದು’ ಎನ್ನುವುದು. ಹೀಗೆ ಬೆಳೆದ ಹುಡುಗಿಗೆ ಹುಡುಗನೊಬ್ಬ ಅದೇ ಕೆಲಸವನ್ನು ಅದೇ ಮಾತು ಹೇಳಿ ಮಾಡಿದಾಗ ಅನುಮಾನ ಬರುವುದಾದರೂ ಹೇಗೆ? ಮಕ್ಕಳ ಮೇಲೆ ಕಣ್ಣಿಡಬಾರದು ಎಂದಲ್ಲ. ಅಪ್ಪ ಅಮ್ಮ ಯಾಕೆ ನೋಡುತ್ತಾರೆ, ಎಷ್ಟರವರೆಗೆ ನೋಡುತ್ತಾರೆ, ಯಾವ ವಯಸ್ಸಿಗೆ ನಿಲ್ಲಿಸುತ್ತಾರೆ ಎಂಬುದನ್ನು ಬಾಯಿಬಿಟ್ಟು ಹೇಳಿದ್ದರೆ ಅವಳಿಗೆ ವ್ಯತ್ಯಾಸ ತಿಳಿದಿರುತ್ತದೆ. ಇನ್ನು ನಮ್ಮ ಸಿನಿಮಾಗಳ ಕಥೆ ಕೇಳಲೇಬೇಡಿ. ನಾಯಕಿ ಒಲ್ಲೆ ಎಂದಷ್ಟೂ ನಾಯಕ ಬೆನ್ನು ಬಿಡುವುದಿಲ್ಲ, ಇಂಟರ್‌ವಲ್ ಹೊತ್ತಿಗೆ ಅವಳು ಒಲಿಯುತ್ತಾಳೆ. ಮಕ್ಕಳಿಗೆ ಕನ್ನಡ ಬರಲಿ ಎಂದು ಕೂರಿಸಿಕೊಂಡು ತೋರಿಸುವವರು ನಾವೇ. ತೋರಿಸಲಿ, ಆದರೆ ಆ ದೃಶ್ಯ ಬಂದಾಗ ‘ಇವನು ನಮ್ಮ ಬೀದಿಯಲ್ಲಿ ಹೀಗೆ ಮಾಡಿದರೆ ಪೊಲೀಸರಿಗೆ ಫೋನ್ ಮಾಡ್ತೀವಿ’ ಎಂದು ಒಂದು ಮಾತು ಸೇರಿಸಿದರೆ ಸಿನಿಮಾದ ಮಜಾ ಏನೂ ಕೆಡುವುದಿಲ್ಲ.

ಸೂಚನೆಗಳು ಮನೆಯವರ ಕಣ್ಣಿಗೆ ಬೀಳುತ್ತವೆ, ಅರ್ಥ ಮಾತ್ರ ಬೇರೆಯಾಗುತ್ತದೆ. ಮಾರ್ಕ್ಸ್ ಇಳಿದರೆ ಸೋಮಾರಿತನ ಎನ್ನುತ್ತೇವೆ. ರಂಗಪ್ರವೇಶಕ್ಕೆ ಆರು ತಿಂಗಳಿರುವಾಗ ಡ್ಯಾನ್ಸ್ ಕ್ಲಾಸ್ ಬೇಡ ಎಂದರೆ, ಕಟ್ಟಿದ ಫೀಸಿನ ಲೆಕ್ಕ ಹೇಳಿ ಬೈಯುತ್ತೇವೆ. ಜೂನಿನ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟ್‌ಶರ್ಟ್ ಹಾಕಿಕೊಂಡರೆ ಈಗಿನ ಫ್ಯಾಶನ್ನು ಎಂದುಕೊಳ್ಳುತ್ತೇವೆ. ಊಟದ ಮೇಜಿನಲ್ಲಿ ಫೋನು ಗುಂಯ್ ಎಂದ ಕೂಡಲೇ ಬೆಚ್ಚಿ ಎದ್ದು ಹೋದರೆ ‘ಫೋನಿನ ಹುಚ್ಚು’. ಒಂದೊಂದಾಗಿ ನೋಡಿದರೆ ಹದಿಹರೆಯದ ಎಲ್ಲ ಮಕ್ಕಳೂ ಹೀಗೆಯೇ. ನಾಲ್ಕು ಒಟ್ಟಿಗೆ ಬಂದಾಗ, ಅದರಲ್ಲೂ ಹಳೆಯ ಗೆಳತಿಯರು ಮನೆಗೆ ಬರುವುದು ನಿಂತಾಗ ಬೈಗುಳವನ್ನು ಸ್ವಲ್ಪ ತಡೆಹಿಡಿಯಬೇಕು.

ಇದನ್ನು ಶಾಲೆಯಲ್ಲಿ ಕಲಿಸಬೇಕು ಎಂಬ ಕಾನೂನಿನ ಹಿಂದೆ ಒಬ್ಬ ತಾಯಿಯ ಹೋರಾಟವಿದೆ. ರೋಡ್ ಐಲೆಂಡ್ ರಾಜ್ಯದ ಲಿಂಡ್ಸೆ ಆ್ಯನ್ ಬರ್ಕ್ ಎಂಬ 23 ವರ್ಷದ ಯುವತಿಯನ್ನು 2005ರಲ್ಲಿ ಅವಳ ಮಾಜಿ ಪ್ರಿಯಕರ ಕೊಂದ. ತಾಯಿ ಆ್ಯನ್ ಬರ್ಕ್ ಶಾಲೆಯಲ್ಲಿ ಆರೋಗ್ಯ ಪಾಠ ಹೇಳುತ್ತಿದ್ದ ಶಿಕ್ಷಕಿ. ಮಕ್ಕಳಿಗೆ ಡೇಟಿಂಗ್ ಹಿಂಸೆಯ ಬಗ್ಗೆ ಪಾಠ ಇರಲೇಬೇಕು ಎಂದು ಅವರು ಪಟ್ಟು ಹಿಡಿದರು. 2007ರಲ್ಲಿ ಮಗಳ ಹೆಸರಿನಲ್ಲೇ ಕಾಯ್ದೆ ಬಂತು. ಆ ರಾಜ್ಯದಲ್ಲಿ ಏಳರಿಂದ ಹನ್ನೆರಡನೇ ತರಗತಿವರೆಗೆ ಈ ಪಾಠ ಕಡ್ಡಾಯವಾಯಿತು. 2010ರ ಮೇ ತಿಂಗಳಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಯಾರ್ಡ್ಲಿ ಲವ್ ಕೂಡ ಮಾಜಿ ಪ್ರಿಯಕರನಿಂದಲೇ ಕೊಲೆಯಾದಳು. ಅವಳ ತಾಯಿ ಶ್ಯಾರನ್ ಲವ್ ಕಟ್ಟಿದ ‘ಒನ್ ಲವ್’ ಸಂಸ್ಥೆ ಇಂದು ಶಾಲೆ ಕಾಲೇಜುಗಳಲ್ಲಿ ಮಕ್ಕಳೊಂದಿಗೆ ಇದೇ ಕೆಲಸ ಮಾಡುತ್ತಿದೆ.

ಎರಡೂ ಪ್ರಕರಣಗಳಲ್ಲಿ ‘ಮಾಜಿ’ ಎಂಬ ಮಾತನ್ನು ಗಮನಿಸಿ. ಸಂಬಂಧ ಮುಗಿಯಿತು ಎಂದು ಮನೆಯವರು ನೆಮ್ಮದಿ ಪಡುವ ಹೊತ್ತೇ ಅತಿ ಅಪಾಯದ ಹೊತ್ತು. ‘ಇವತ್ತೇ ಅವನಿಗೆ ಮುಖದ ಮೇಲೆ ಹೇಳಿ ಬಾ’ ಎಂದು ಮಗಳನ್ನು ಒಬ್ಬಳೇ ಕಳಿಸಬಾರದು. ‘ನನ್ನ ಸಾಮಾನು ವಾಪಸ್ ಕೊಡು, ಕೊನೇ ಸಲ ಮಾತಾಡೋಣ’ ಎಂದು ಅವನು ಕರೆದಾಗಲೂ ಹೋಗುವುದು ಬೇಡ. ಸಾಮಾನಿದ್ದರೆ ಅಪ್ಪನೋ ಅಮ್ಮನೋ ಶಾಲೆಯ ಕೌನ್ಸೆಲರ್ ಮೂಲಕ ತಲುಪಿಸಬಹುದು. ಮುಂದಿನ ಕೆಲವು ವಾರ ಶಾಲೆಗೆ ಯಾವ ದಾರಿಯಲ್ಲಿ ಹೋಗಬೇಕು, ಬಸ್ಸಿನಲ್ಲಿ ಯಾರ ಪಕ್ಕ ಕೂರಬೇಕು, ಹೆದರಿಕೆಯಾದರೆ ಯಾರಿಗೆ ಯಾವ ಸಂಕೇತದ ಮೆಸೇಜು ಕಳಿಸಬೇಕು ಎಂಬುದನ್ನೆಲ್ಲ ಅವಳೊಂದಿಗೆ ಕೂತು ನಿರ್ಧರಿಸಬೇಕು. ‘ಸೇಫ್ಟಿ ಪ್ಲಾನ್’ ಎನ್ನುವುದು ಇದನ್ನೇ.

ಮಗಳು ಬಾಯಿಬಿಟ್ಟ ಆ ಮೊದಲ ಹತ್ತು ನಿಮಿಷ ಮಾತ್ರ ಇದೆಲ್ಲಕ್ಕಿಂತ ಕಷ್ಟದ್ದು. ‘ಎಷ್ಟು ದಿನದಿಂದ ನಡೀತಿದೆ ಇದು?’, ‘ಅವನು ಯಾರ ಪೈಕಿ?’, ‘ಇದಕ್ಕಾ ನಿನ್ನನ್ನ ಇಲ್ಲಿ ಓದಿಸ್ತಿರೋದು?’ ಎಂಬ ಮಾತುಗಳು ನಾಲಿಗೆಯ ತುದಿಗೇ ಬರುತ್ತವೆ. ಅಮ್ಮನ ಕಣ್ಣಲ್ಲಿ ನೀರು, ಅಪ್ಪನ ಬಿಪಿ ಏರುತ್ತದೆ. ಅಂಥ ಹೊತ್ತಿನಲ್ಲಿ ‘ಹೇಳಿದ್ದು ಒಳ್ಳೇದಾಯ್ತು ಪುಟ್ಟಿ. ತಪ್ಪು ನಿಂದಲ್ಲ. ನಾವಿದ್ದೀವಿ’ ಎಂಬ ಮೂರು ಮಾತು ಹೊರಡಿಸುವುದು ಸುಲಭವಲ್ಲ. ಹಾಗಾಗಿ ಏನೂ ಆಗದಿರುವಾಗಲೇ ಹೇಳಿಟ್ಟಿರುವುದು ಮೇಲು. ಕಾರಿನಲ್ಲಿ ಹೋಗುವಾಗ, ಮುಖ ಮುಖ ನೋಡಬೇಕಿಲ್ಲದ ಹೊತ್ತಿನಲ್ಲಿ ಹೀಗೆ ಹೇಳಬಹುದು: ‘ನೋಡು, ಡೇಟಿಂಗ್ ಬೇಡ ಅನ್ನೋದು ನಮ್ಮ ಮಾತು, ಅದು ಹಾಗೇ ಇರುತ್ತೆ. ಆದರೆ ಯಾರಾದ್ರೂ ನಿಮ್ಮಪ್ಪ ಅಮ್ಮನಿಗೆ ಹೇಳ್ತೀನಿ ಅಂತ ನಿನ್ನ ಹೆದರಿಸಿದ್ರೆ, ಅವತ್ತೇ ನೀನೇ ಬಂದು ಹೇಳಿಬಿಡು. ಮೊದಲು ಪೂರ್ತಿ ಕೇಳಿಸ್ಕೋತೀವಿ. ಬೈಯೋದೇನಾದ್ರೂ ಇದ್ರೆ ಆಮೇಲೆ.’ ಆ ಬೆದರಿಕೆಯ ಅರ್ಧ ಬಲ ಅಲ್ಲೇ ಹೋಗುತ್ತದೆ. ಮನೆಯ ನಿಯಮ ಬದಲಾಗಬೇಕಾಗಿಯೂ ಇಲ್ಲ.

ಕೂಡಲೇ ಫೋನು ಕಿತ್ತುಕೊಳ್ಳುವುದು ಬೇಡ. ಅವಳ ಗೆಳತಿಯರು, ಸಹಾಯವಾಣಿ, ಮತ್ತು ಅವನು ಕಳಿಸಿದ ಬೆದರಿಕೆಗಳ ಸಾಕ್ಷಿ ಎಲ್ಲವೂ ಅದರಲ್ಲೇ ಇವೆ. ಮೆಸೇಜುಗಳನ್ನು ಅಳಿಸದೆ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಹುಡುಗನ ಮನೆಗೆ ಫೋನ್ ಮಾಡಿ ಕೂಗಾಡುವುದು, ಕೂಟದ ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡುವುದು ಇನ್ನೂ ಬೇಡ. ‘ಊರಿಗೆ ಕಳಿಸಿಬಿಡೋಣ, ಅಲ್ಲೇ ಪಿಯುಸಿ ಓದಲಿ’ ಎಂಬ ಪರಿಹಾರವೂ ಕೆಲವರಿಗೆ ಹೊಳೆಯುತ್ತದೆ. ಹಿಂಸೆ ಅನುಭವಿಸಿದವಳಿಗೇ ಗಡೀಪಾರು! ಅದನ್ನು ನೋಡಿದ ತಮ್ಮ ತಂಗಿಯರು ಮುಂದೆ ಎಂದೂ ಬಾಯಿಬಿಡುವುದಿಲ್ಲ.

ಫೋಟೊದ ಬೆದರಿಕೆಗೆ ಈಗ ದಾರಿಗಳಿವೆ. ಕಾಣೆಯಾದ ಮತ್ತು ಶೋಷಿತ ಮಕ್ಕಳಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಕೇಂದ್ರವು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ನಡೆಸುತ್ತದೆ. 18 ತುಂಬುವ ಮೊದಲು ತೆಗೆದ ನಗ್ನ ಚಿತ್ರಗಳಿಗೆ ಇದು ಅನ್ವಯ. ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ನಮ್ಮ ಫೋನಿನಲ್ಲೇ ಆ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತದೆ, ಸಂಖ್ಯೆ ಮಾತ್ರ ಅಲ್ಲಿಗೆ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದ ಜಾಲತಾಣಗಳು ಅದನ್ನು ಹಿಡಿದು ಚಿತ್ರವನ್ನು ಪತ್ತೆ ಮಾಡಿ ತೆಗೆಯುತ್ತವೆ. ಹೆಸರು ಹೇಳಬೇಕಿಲ್ಲ. ಇದೇ ಹೆಸರಿನ ಕಾಯ್ದೆಯೊಂದಕ್ಕೆ 2025ರ ಮೇ ತಿಂಗಳಲ್ಲಿ ಅಧ್ಯಕ್ಷರ ಸಹಿ ಬಿದ್ದಿದೆ. ಒಪ್ಪಿಗೆಯಿಲ್ಲದೆ ಹಾಕಿದ ಇಂಥ ಚಿತ್ರವನ್ನು, ದೂರು ಬಂದ 48 ಗಂಟೆಯೊಳಗೆ ಜಾಲತಾಣಗಳು ತೆಗೆಯಬೇಕು ಎನ್ನುತ್ತದೆ ಅದು. ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ನಕಲಿ ಚಿತ್ರಗಳಿಗೂ ಅನ್ವಯ.

ಶಾಲೆಯ ಮಟ್ಟದಲ್ಲಿ ‘ಟೈಟಲ್ ನೈನ್’ ಎಂಬ 1972ರ ಕಾಯ್ದೆ ಇದೆ. ಅದರ ಪ್ರಕಾರ ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್ ಒಬ್ಬ ಸಂಯೋಜಕರನ್ನು ನೇಮಿಸಿರಬೇಕು. ತರಗತಿ, ಲಾಕರ್, ಊಟದ ವೇಳೆ ಬದಲಿಸಿ ಇಬ್ಬರನ್ನೂ ದೂರ ಇಡುವಂತೆ ಅವರನ್ನು ಕೇಳಬಹುದು. ಬದಲಾಗಬೇಕಾದವಳು ನಮ್ಮ ಮಗಳೇ ಯಾಕೆ ಎಂದೂ ಕೇಳಬಹುದು. ಮಾತಿನಲ್ಲಿ ಹೇಳಿ ಬರುವ ಬದಲು ಇಮೇಲ್ ಬರೆಯಿರಿ, ದಾಖಲೆ ಉಳಿಯುತ್ತದೆ. ಬೆದರಿಕೆ ಜೋರಾಗಿದ್ದರೆ ನ್ಯಾಯಾಲಯದಿಂದ ರಿಸ್ಟ್ರೈನಿಂಗ್ ಆರ್ಡರ್ ಪಡೆಯಬಹುದು. ಮಕ್ಕಳಿಗೆ ಸಂಬಂಧಿಸಿದ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 12 ತುಂಬಿದ ಮಕ್ಕಳು ತಾವೇ ಅರ್ಜಿ ಹಾಕಬಹುದು. ಅಂದರೆ ಅಪ್ಪ ಅಮ್ಮನಿಗೆ ಹೇಳಲಾಗದ ಮಗು ನ್ಯಾಯಾಧೀಶರಿಗೆ ಹೇಳಬಹುದು ಎಂದು ಆ ರಾಜ್ಯ ಊಹಿಸಿದೆ. ನಮಗೆ ಸ್ವಲ್ಪ ಚುಚ್ಚಬೇಕಾದ ಮಾತಿದು.

ಗಂಡುಮಕ್ಕಳ ಅಪ್ಪ ಅಮ್ಮಂದಿರು ಇಲ್ಲಿಯವರೆಗೆ ಓದಿ, ಸದ್ಯ ನಮಗಲ್ಲ ಎಂದುಕೊಂಡಿದ್ದರೆ ಹಾಗೇನಿಲ್ಲ. ಆ ರೊಬೊಟಿಕ್ಸ್ ಕ್ಲಬ್ಬಿನ ಹುಡುಗನಿಗೂ ಒಂದು ಮನೆಯಿದೆ. ಮೂವತ್ತು ಮೆಸೇಜು ಕಳಿಸುವುದು ಪ್ರೀತಿಯಲ್ಲ, ಸಾಯ್ತೀನಿ ಎಂದು ಹೆದರಿಸಿ ಯಾರನ್ನೂ ಕಟ್ಟಿಹಾಕಬಾರದು, ‘ಬೇಡ’ ಎಂದರೆ ಬೇಡ ಎಂದೇ ಅರ್ಥ ಎಂದು ಅವನಿಗೆ ಯಾರೂ ಕೂರಿಸಿ ಹೇಳಿಲ್ಲ. ಹಾಗೆಂದು ಸಾಯುವ ಮಾತನ್ನು ನಾಟಕ ಎಂದು ತಳ್ಳಿಹಾಕಬಾರದು. ಅವನ ಮನೆಯವರಿಗೋ ಶಾಲೆಯ ಕೌನ್ಸೆಲರಿಗೋ ತಕ್ಷಣ ತಿಳಿಸಬೇಕು. ಅವನನ್ನು ಉಳಿಸುವ ಹೊಣೆ ಹದಿನಾರರ ಹುಡುಗಿಯದಲ್ಲ, ದೊಡ್ಡವರದ್ದು. 18ರೊಳಗಿನವರ ನಗ್ನ ಚಿತ್ರ ಇಟ್ಟುಕೊಳ್ಳುವುದು, ಹಂಚುವುದು ಅಮೆರಿಕದ ಕಾನೂನಿನಲ್ಲಿ ಘೋರ ಅಪರಾಧ. ಇಟ್ಟುಕೊಂಡವನೂ ಹುಡುಗನೇ ಎಂಬುದು ರಕ್ಷೆಯಲ್ಲ. 18 ದಾಟಿದ, ಇನ್ನೂ ಪೌರತ್ವ ಸಿಗದ ಹುಡುಗ ನ್ಯಾಯಾಲಯದ ರಕ್ಷಣಾ ಆದೇಶ ಮೀರಿ ಬೆದರಿಸಿದ್ದು ಸಾಬೀತಾದರೆ ಅದು ದೇಶದಿಂದ ಹೊರಹಾಕಲೂ ಕಾರಣವಾಗಬಹುದು. 1996ರಿಂದ ವಲಸೆ ಕಾನೂನು ಹಾಗಿದೆ. ಇನ್ನೊಂದು ಕಡೆ, ಹುಡುಗಿಯಿಂದ ಪೆಟ್ಟು ತಿಂದ ಹುಡುಗನನ್ನು ನಾವು ನಗೆಯಾಡುತ್ತೇವೆ, ಅವನೂ ಬಾಯಿ ಮುಚ್ಚಿಕೊಳ್ಳುತ್ತಾನೆ. ಹುಡುಗ ಹುಡುಗನನ್ನು, ಹುಡುಗಿ ಹುಡುಗಿಯನ್ನು ಇಷ್ಟಪಟ್ಟಿದ್ದರೆ ‘ಮನೇಲಿ ಹೇಳ್ತೀನಿ’ ಎಂಬ ಬೆದರಿಕೆಗೆ ಎರಡು ಪಟ್ಟು ಬಲ.

ದಕ್ಷಿಣ ಏಷ್ಯಾದ ಕುಟುಂಬಗಳ ಒಳಗುಟ್ಟು ಬಲ್ಲ ಸಂಸ್ಥೆಗಳು ಅಮೆರಿಕದಲ್ಲಿ ನಾಲ್ಕು ದಶಕಗಳಿಂದ ಇವೆ. ನ್ಯೂಜೆರ್ಸಿಯ ಮಾನವಿ 1985ರಲ್ಲಿ ಆರಂಭವಾಯಿತು. ನ್ಯೂಯಾರ್ಕಿನ ಸಖಿ, ಶಿಕಾಗೊದ ಅಪ್ನಾ ಘರ್, ಬೇ ಏರಿಯಾದ ಮೈತ್ರಿ ಮತ್ತು ನಾರಿಕಾ, ಹ್ಯೂಸ್ಟನ್ನಿನ ದಯಾ, ಅಟ್ಲಾಂಟಾದ ರಕ್ಷಾ ಹೀಗೆ ದೊಡ್ಡ ಊರುಗಳಲ್ಲೆಲ್ಲ ಒಂದಲ್ಲ ಒಂದಿದೆ. ಇವುಗಳ ಮುಖ್ಯ ಕೆಲಸ ಮದುವೆಯಾದ ಹೆಂಗಸರ ಜೊತೆಗಾದರೂ, ‘ಲೋಗ್ ಕ್ಯಾ ಕಹೇಂಗೆ’ಯೋ ‘ನಾಲ್ಕು ಜನ ಏನಂತಾರೆ’ಯೋ, ಆ ಭಯ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕನ್ನಡ ಕೂಟಗಳು ಇವರನ್ನು ಕರೆಸುವುದು ಕಡಿಮೆ. ಸಮ್ಮೇಳನಗಳಲ್ಲಿ ವಧೂವರರ ಭೇಟಿಗೆ ಜಾಗ ಮಾಡಿಕೊಡುವ ನಾವು, ಅದರ ಪಕ್ಕದ ಕೋಣೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಈ ವಿಷಯದ ಒಂದು ಗಂಟೆಯ ಮಾತುಕತೆ ಇಡಬಹುದು. ಅಪ್ಪ ಅಮ್ಮಂದಿರಿಗೆ ಬೇರೆ ಕೋಣೆ.

ಈ ಪುಟವನ್ನು ಮೈಸೂರಿನಲ್ಲೋ ದಾವಣಗೆರೆಯಲ್ಲೋ ಕೂತು ಓದುತ್ತಿರುವ ಅಜ್ಜಿ ತಾತಂದಿರಿಗೂ ಇದರಲ್ಲಿ ಪಾಲಿದೆ. ಅಪ್ಪ ಅಮ್ಮನಿಗೆ ಹೇಳಲಾಗದ್ದನ್ನು ಮಕ್ಕಳು ಕೆಲವೊಮ್ಮೆ ಭಾನುವಾರದ ವಿಡಿಯೊ ಕರೆಯಲ್ಲಿ ಅಜ್ಜಿಯ ಮುಂದೆ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಹೇಳಿಬಿಡುತ್ತಾರೆ. ‘ಅಜ್ಜಿ, ಅಮ್ಮಂಗೆ ಹೇಳ್ಬೇಡ, ಪ್ರಾಮಿಸ್ ಮಾಡು’ ಎಂದರೆ ಪ್ರಾಮಿಸ್ ಮಾಡಬೇಡಿ. ‘ಇಲ್ಲ ಮಗಳೇ, ನಾವಿಬ್ರೂ ಸೇರಿ ಹೇಳೋಣ. ನಿಮ್ಮಮ್ಮ ಬೈದ್ರೆ ನಾನಿದ್ದೀನಿ. ಮೊದಲು ಅಮ್ಮಂಗೋ, ಅಪ್ಪಂಗೋ?’ ಎಂದು ಕೇಳಿ. ಆಮೇಲೆ ಮಗಳಿಗೆ ಫೋನ್ ಮಾಡಿದಾಗ ‘ಹೀಗೆ ಬೆಳೆಸಿದ್ದೀಯಾ’ ಎಂದು ಅವಳಿಗೆ ಬೈಯಬೇಡಿ. ಆ ಒಂದು ಮಾತಿನ ಭಯಕ್ಕೇ ಅಲ್ಲಿನ ಮನೆಗಳಲ್ಲಿ ಎಷ್ಟೋ ವಿಷಯ ಮುಚ್ಚಿಹೋಗುತ್ತದೆ.

ಹದಿಹರೆಯದವರಿಗೆಂದೇ ಇರುವ ‘ಲವ್ ಈಸ್ ರೆಸ್ಪೆಕ್ಟ್’ ಸಹಾಯವಾಣಿ ಅಮೆರಿಕದಲ್ಲಿ ದಿನದ 24 ಗಂಟೆಯೂ ಉಚಿತ. ಸಂಖ್ಯೆ 1-866-331-9474. ಮಾತಾಡಲು ಆಗದಿದ್ದರೆ ‘ಲವ್‌ಈಸ್’ ಎಂದು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆದು 22522ಕ್ಕೆ ಮೆಸೇಜು ಕಳಿಸಬಹುದು. ಹೆಸರು ಹೇಳಬೇಕಿಲ್ಲ. ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಪಾಲಕರೂ ಕರೆ ಮಾಡಿ ಸಲಹೆ ಕೇಳಬಹುದು. ಪ್ರಾಣಭಯ ಇದ್ದರೆ ಮಾತ್ರ ಇದಾವುದನ್ನೂ ಹುಡುಕುತ್ತ ಕೂರದೆ ನೇರ 911.